ಗಾದಿಯ ಮೇಲೆ ಇಪ್ಪತ್ತು ಸೀರೆ

ಮದುವೆಯ ಸೀರೆ ಕೊಳ್ಳಲು ಮನೆಯವರೊಡನೆ ಚಿಕ್ಕಪೇಟೆಗೆ ಹೋದ ಗಂಡಸಿಗೆ ಇರುವ ಕೆಲಸ ಒಂದೇ. ಗೋಡೆಗೆ ಒರಗಿ ಕುಳಿತು ಅಂಗಡಿಯವನ ಕೈಚಳಕವನ್ನು ನೋಡುವುದು. ಈ ಕೆಲಸವನ್ನು ನಾನು ಹಲವು ಸಲ ನಿಷ್ಠೆಯಿಂದ ಮಾಡಿದ್ದೇನೆ. ಅಂಗಡಿಯ ಬೀರುಗಳಲ್ಲಿ ಸಾವಿರಾರು ಸೀರೆಗಳಿರುತ್ತವೆ; ಬಿಳಿಯ ಗಾದಿಯ ಮೇಲೆ ಒಂದು ಹೊತ್ತಿಗೆ ಹಿಡಿಸುವುದು ಹದಿನೈದೋ ಇಪ್ಪತ್ತೋ. “ಅಂಚು ಇನ್ನೂ ಸ್ವಲ್ಪ ದೊಡ್ಡದಿರಲಿ” ಎಂದು ಹೆಂಗಸರು ಅಂದ ಕೂಡಲೆ ಹುಡುಗನೊಬ್ಬನು ಬೀರುವಿನಿಂದ ನಾಲ್ಕನ್ನು ಎಳೆದು ಹರಡುತ್ತಾನೆ. ನೋಡಿ ಬಿಟ್ಟ ನಾಲ್ಕು ಮಡಿಕೆಯಾಗಿ ಹಿಂದಕ್ಕೆ ಹೋಗುತ್ತವೆ. ಗಾದಿ ಯಾವಾಗಲೂ ತುಂಬಿರುತ್ತದೆ, ಎಂದೂ ಉಕ್ಕುವುದಿಲ್ಲ.

ಇದಕ್ಕೆ ಬದಲಾಗಿ ಅಂಗಡಿಯವನು ಬೆಳಿಗ್ಗೆ ಬಾಗಿಲು ತೆರೆದೊಡನೆ ಇದ್ದಬದ್ದ ಸೀರೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಗಾದಿಯ ಮೇಲೆ ಒಟ್ಟಿ, ಅದು ಮುಗಿಯುವ ತನಕ ಗಿರಾಕಿಗಳನ್ನು ಬೀದಿಯಲ್ಲಿ ನಿಲ್ಲಿಸಿದನೆಂದು ಭಾವಿಸಿ. ಅಂಥ ಮೂರ್ಖ ವ್ಯಾಪಾರಿ ಲೋಕದಲ್ಲಿರಲಾರನೆಂದು ವಾಚಕರು ಹೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಕಳೆದ ವರ್ಷ ನಮ್ಮ ಮೇಷ್ಟ್ರ ಮನೆಯ ಗಣಕಯಂತ್ರದೊಳಗೆ ಅವನನ್ನು ಕಂಡೆ.

ಮೇಷ್ಟ್ರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ನಿವೃತ್ತರಾಗಿ ತುಮಕೂರಿನಲ್ಲಿದ್ದಾರೆ, ವಯಸ್ಸು ಎಪ್ಪತ್ತಾರು. ಮೂವತ್ತು ವರ್ಷಗಳಿಂದ ಅವರು ಹಳ್ಳಿಹಳ್ಳಿ ತಿರುಗಿ ರೈತರ, ನೇಕಾರರ, ಗಾಣಿಗರ, ಕಮ್ಮಾರರ ಬಾಯಿಂದ ಪದಗಳನ್ನು ಕೇಳಿ ಚೀಟಿಗಳಲ್ಲಿ ಬರೆದಿಟ್ಟಿದ್ದಾರೆ. ನೊಗ, ಮಿಣಿ, ಮೇಳಿ, ಕುಂಟೆ, ಕೂರಿಗೆ, ಹಲುಬೆ ಮುಂತಾದ ಪದಗಳು. ಪ್ರತಿಯೊಂದಕ್ಕೂ ಅರ್ಥ, ಕೇಳಿದ ಊರು, ಹೇಳಿದವರ ವಾಕ್ಯ. ಎತ್ತಿನ ಬೇಸಾಯವೇ ಮರೆಯಾಗುತ್ತಿರುವಾಗ ಆ ಪದಗಳನ್ನು ಇನ್ನೊಮ್ಮೆ ಹೊಸದಾಗಿ ಸಂಗ್ರಹಿಸುವುದು ಯಾರಿಗೂ ಸಾಧ್ಯವಿಲ್ಲ. ಹೇಳಿದ ಅಜ್ಜಂದಿರಲ್ಲಿ ಬಹುಮಂದಿ ಈಗ ಇಲ್ಲ. ಚೀಟಿಗಳು ಬಿಸ್ಕತ್ತಿನ ಡಬ್ಬಿಗಳಲ್ಲಿ, ಡಬ್ಬಿಗಳು ಮಂಚದ ಕೆಳಗೆ.

ಅವರ ಶಿಷ್ಯರು ಕೆಲವರು ಸೇರಿ ಎರಡು ವರ್ಷ ಕುಳಿತು ಚೀಟಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಒಟ್ಟು 60,000 ಪದಗಳಿಗೆ ಹತ್ತಿರ. ಪದಗಳನ್ನು ನೋಡಿ ತಿದ್ದುವುದಕ್ಕೆ ಒಂದು ಪ್ರೋಗ್ರಾಂ ಬೇಕಾಗಿತ್ತು. ಹಣ ಕೊಟ್ಟು ಒಂದು ಕಡೆ ಬರೆಯಿಸಿದ್ದಾಯಿತು. ಎಡಗಡೆಯಲ್ಲಿ ಪದಗಳ ಪಟ್ಟಿ, ಬಲಗಡೆಯಲ್ಲಿ ಅರ್ಥ. ನೋಡಲು ಲಕ್ಷಣವಾಗಿಯೇ ಇದ್ದಿತು. ಪರೀಕ್ಷೆಗೆಂದು ಇನ್ನೂರು ಪದ ಹಾಕಿ ತೋರಿಸಿದಾಗ ಎಲ್ಲರೂ ಮೆಚ್ಚಿದರು.

60,000 ಪದ ತುಂಬಿದ ಮೇಲೆ ಅದರ ಸ್ವಭಾವ ಬದಲಾಯಿತು. ಮೇಷ್ಟ್ರು ಬೆಳಿಗ್ಗೆ ಪ್ರೋಗ್ರಾಂ ತೆರೆದು ಅಡಿಗೆಮನೆಗೆ ಹೋಗಿ ಕಾಫಿ ಕುಡಿದು ಬಂದರೂ ಪಟ್ಟಿ ಬಂದಿರುತ್ತಿರಲಿಲ್ಲ. ಒಂದು ಪದವನ್ನು ತಿದ್ದಿದರೆ ಪಟ್ಟಿಯನ್ನು ಮೊದಲಿನಿಂದ ತುಂಬಿಸುವ ಏರ್ಪಾಡು, ಮತ್ತೊಂದು ಕಾಫಿ. ಅಷ್ಟರಲ್ಲಿ ಕಿಟಕಿ ಬಿಳುಪೇರಿ, ನೆತ್ತಿಯ ಮೇಲೆ ‘ಪ್ರತಿಕ್ರಿಯಿಸುತ್ತಿಲ್ಲ’ ಎಂದು ಬರೆದುಕೊಳ್ಳುತ್ತಿತ್ತು. ಐದು ಸೆಕೆಂಡಿನಷ್ಟು ಕಾಲ ಒಂದು ಪ್ರೋಗ್ರಾಂ ಯಾವ ಕರೆಗೂ ಓಗೊಡದಿದ್ದರೆ ವಿಂಡೋಸ್ ವ್ಯವಸ್ಥೆಯು ಹೀಗೆ ಹಣೆಪಟ್ಟಿ ಹಚ್ಚುತ್ತದೆ. ಮೇಷ್ಟ್ರು ತಮ್ಮಿಂದಲೇ ಏನೋ ಕೆಟ್ಟಿತೆಂದು ಹೆದರಿ ಯಂತ್ರವನ್ನೇ ಆರಿಸಿಬಿಡುತ್ತಿದ್ದರು. ಆಗಿನ ತಿದ್ದುಪಡಿ ಹೋಯಿತು. ಮೂರನೆಯ ಸಲ ಹೀಗಾದ ಮೇಲೆ ನನಗೆ ದೂರವಾಣಿ ಬಂದಿತು.

“ನೋಡಪ್ಪ, ಇದು ನನ್ನ ಕೈಯಲ್ಲಿ ಆಗುವುದಿಲ್ಲ. ಡಬ್ಬಿಗಳೇ ವಾಸಿ. ಇನ್ನೆಷ್ಟು ದಿನ ಕಣ್ಣು ಕಾಣಿಸುತ್ತದೋ, ಅಷ್ಟರೊಳಗೆ ಆದದ್ದಾಗಲಿ.”

ಆ ಭಾನುವಾರ ನನ್ನ ಅಕ್ಕನ ಮಗನನ್ನು ಕರೆದುಕೊಂಡು ತುಮಕೂರಿಗೆ ಹೋದೆ. ಅವನು ಬೆಂಗಳೂರಿನ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುವವನು, ಮಾತು ಕಡಿಮೆ. ಪ್ರೋಗ್ರಾಮಿನ ಮೂಲಪ್ರತಿ ನಮ್ಮ ಪುಣ್ಯಕ್ಕೆ ಮೇಷ್ಟ್ರ ಬಳಿಯೇ ಇದ್ದಿತು. ಅದನ್ನು ಅರ್ಧ ಗಂಟೆ ಓದಿ, “ಮಾವ, ಇದು ಕೆಟ್ಟಿಲ್ಲ. ಹೊರಲಾರದ ಹೊರೆ ಹೊತ್ತು ನಿಂತಿದೆ, ಅಷ್ಟೆ” ಎಂದ.

ಅವನು ತಿಳಿಸಿದುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪಟ್ಟಿಯನ್ನು ತೋರಿಸುವುದಕ್ಕೆ ವಿಂಡೋಸಿನಲ್ಲಿ ಲಿಸ್ಟ್ ವ್ಯೂ ಎಂಬ ಸಿದ್ಧ ಸಾಧನವಿದೆ. 1995ರ ವಿಂಡೋಸ್‌ನೊಡನೆ ಬಂದದ್ದು. ಅದಕ್ಕೆ ಹಿಂದಿನಿಂದಲೂ ಇದ್ದ ಲಿಸ್ಟ್ ಬಾಕ್ಸ್ ಆ ಕಾಲದ ವಿಂಡೋಸಿನಲ್ಲಿ 32,767ಕ್ಕಿಂತ ಹೆಚ್ಚು ಸಾಲುಗಳನ್ನು ಹಿಡಿಯುತ್ತಿರಲಿಲ್ಲ. ಸಾಮಾನ್ಯ ರೀತಿಯಲ್ಲಿ ಬಳಸಿದಾಗ ಲಿಸ್ಟ್ ವ್ಯೂ ತನಗೆ ಕೊಟ್ಟ ಪ್ರತಿಯೊಂದು ಸಾಲಿಗೂ ತನ್ನೊಳಗೆ ಒಂದು ಗೂಡು ಕಟ್ಟಿ, ಪದದ ನಕಲನ್ನು ಅದರಲ್ಲಿ ಇಟ್ಟುಕೊಳ್ಳುತ್ತದೆ. ‘ಅಕಾರಾದಿಯಾಗಿ ಜೋಡಿಸು’ ಎಂದು ಮೊದಲೇ ಅಪ್ಪಣೆ ಮಾಡಿದ್ದರೆ ಪ್ರತಿ ಪದ ಬಂದಾಗಲೂ ಅದರ ಸ್ಥಾನವನ್ನು ಹುಡುಕಬೇಕು, ಉಳಿದವನ್ನು ಜರುಗಿಸಬೇಕು, ಸ್ಕ್ರೋಲ್ ಬಾರಿನ ಅಳತೆಯನ್ನು ತಿದ್ದಬೇಕು, ಪರದೆಯನ್ನು ಮತ್ತೆ ಬಿಡಿಸಬೇಕು. ಇಷ್ಟನ್ನೂ 60,000 ಸಲ.

ಇಲ್ಲಿ ನನಗಿದ್ದ ಒಂದು ತಪ್ಪು ತಿಳಿವಳಿಕೆಯನ್ನು ಹೇಳಬೇಕು. ಇಷ್ಟೊಂದು ಪದಗಳ ಭಾರವನ್ನು ಯಂತ್ರ ತಾಳಲಾರದೆಂದು ನಾನು ಭಾವಿಸಿದ್ದೆ. ಲೆಕ್ಕ ಹಾಕಿದರೆ ಹಾಗಲ್ಲ. ಪದವೊಂದಕ್ಕೆ ಸರಾಸರಿ ಹತ್ತು ಸಂಕೇತಗಳು, ಸಂಕೇತಕ್ಕೆ ಎರಡು ಬೈಟ್ ಎಂದಿಟ್ಟುಕೊಂಡರೆ 60,000 ಪದಗಳಿಗೆ 12 ಲಕ್ಷ ಬೈಟ್. ಇಂದಿನ ಯಂತ್ರಕ್ಕೆ ಅದು ಚಿಟಿಕೆ ನಶ್ಯ. ಭಾರವಿದ್ದದ್ದು ಪದಗಳಲ್ಲಲ್ಲ, ಅವುಗಳಿಗೆಂದು ಕಟ್ಟಿದ ಅರವತ್ತು ಸಾವಿರ ಗೂಡುಗಳಲ್ಲಿ. ಅಷ್ಟು ಗೂಡು ಕಟ್ಟಿದರೂ ಮೇಷ್ಟ್ರಿಗೆ ಒಂದು ಹೊತ್ತಿಗೆ ಕಾಣುತ್ತಿದ್ದುದು ಮೂವತ್ತೇ ಸಾಲು. ಪಟ್ಟಿಯ ಎತ್ತರ 720 ಚುಕ್ಕೆ, ಸಾಲಿನ ಎತ್ತರ 24, ಭಾಗಿಸಿ ನೋಡಿ.

ಸಣ್ಣ ಮದ್ದುಗಳು ಕೆಲವುಂಟು. ತುಂಬುವಾಗ ಪರದೆಯನ್ನು ಬಿಡಿಸಬೇಡವೆಂದು ತಡೆಯುವುದು, ಒಟ್ಟು ಎಷ್ಟು ಸಾಲು ಬರುತ್ತವೆಂದು ಮುಂಚೆಯೇ ತಿಳಿಸುವುದು, ತುಂಬಿದ ಮೇಲೆ ಒಂದೇ ಸಲ ಜೋಡಿಸುವುದು. ಇವುಗಳಿಂದ ಕಾಫಿಯ ಕಾಲ ಒಂದು ಗುಟುಕಿನ ಕಾಲಕ್ಕೆ ಇಳಿದೀತು. ಆದರೆ ಪದಗಳು ಎರಡರಷ್ಟಾದ ದಿನ ಮತ್ತೆ ಅದೇ ಕಥೆ.

ನಿಜವಾದ ಉಪಾಯ ಚಿಕ್ಕಪೇಟೆಯದು. ಲಿಸ್ಟ್ ವ್ಯೂಗೆ ಒಂದೇ ಒಂದು ಪದವನ್ನೂ ಕೊಡುವುದಿಲ್ಲ. ‘ನನ್ನಲ್ಲಿ ಇಷ್ಟು ಸಾಲುಗಳಿವೆ’ ಎಂಬ ಸಂಖ್ಯೆಯನ್ನು ಮಾತ್ರ ಹೇಳುವುದು. ಸಾಲುಗಳೆಲ್ಲ ಒಂದೇ ಎತ್ತರವಾದ್ದರಿಂದ ಸ್ಕ್ರೋಲ್ ಬಾರ್ ಎಷ್ಟು ಉದ್ದವಿರಬೇಕು, ಈಗ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಕಾಣಬೇಕು ಎಂಬುದನ್ನು ಆ ಸಾಧನವು ಬರಿಯ ಗುಣಾಕಾರ ಭಾಗಾಕಾರಗಳಿಂದ ತಿಳಿದುಕೊಳ್ಳುತ್ತದೆ. ಆಮೇಲೆ ಪ್ರೋಗ್ರಾಮಿನ ಕಡೆ ತಿರುಗಿ, ‘412ನೆಯ ಸಾಲಿನಲ್ಲಿ ಏನು ಬರೆಯಲಿ? 413ರಲ್ಲಿ?’ ಎಂದು ಕೇಳುತ್ತದೆ. ಕೇಳಿದಷ್ಟಕ್ಕೆ ಉತ್ತರ ಕೊಟ್ಟರೆ ಸಾಕು. ಸಾಲು ಪರದೆಯಿಂದ ಸರಿದ ಮೇಲೆ ಅದರ ಗೊಡವೆಯಿಲ್ಲ. 1996ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಮೂರನೆಯ ಆವೃತ್ತಿಯೊಡನೆ ಈ ಸೌಲಭ್ಯ ಲಿಸ್ಟ್ ವ್ಯೂಗೆ ಬಂದಿತು. ಹೀಗೆ ಬಳಸಿದಾಗ ಅದು ಹತ್ತು ಕೋಟಿ ಸಾಲುಗಳನ್ನು ಒಪ್ಪಿಕೊಳ್ಳುತ್ತದೆ. 2005ರ ಡಾಟ್‌ನೆಟ್ ಎರಡನೆಯ ಆವೃತ್ತಿಯಲ್ಲಿ ಇದಕ್ಕೆ ವರ್ಚುವಲ್ ಮೋಡ್ ಎಂದು ಹೆಸರಿಟ್ಟು ಬಳಕೆಯನ್ನು ಸುಲಭಗೊಳಿಸಿದರು. ನಮ್ಮ ಪ್ರೋಗ್ರಾಂ ಬರೆದದ್ದೂ ಆ ಡಾಟ್‌ನೆಟ್ಟಿನಲ್ಲಿಯೇ. ಎಂದರೆ ಮದ್ದು ಮನೆಯಲ್ಲಿಯೇ ಇದ್ದಿತು, ಬಳಸಿರಲಿಲ್ಲ.

ಒಂದೇ ಎತ್ತರ ಎಂದೆನಷ್ಟೆ. ಕನ್ನಡಕ್ಕೆ ಬಂದಾಗ ಇದರಲ್ಲಿಯೂ ಒಂದು ತೊಡಕುಂಟು. ಇಂಗ್ಲಿಷ್ ಅಕ್ಷರಕ್ಕೆಂದು ಅಳೆದ ಸಾಲಿನಲ್ಲಿ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿಗೆ ತಗಲಿ ಬಾಲ ಕಳೆದುಕೊಳ್ಳುತ್ತವೆ. ಅಕ್ಷರದ ಗಾತ್ರವನ್ನು ಬದಲಿಸದೆ ಸಾಲಿನ ಎತ್ತರವನ್ನಷ್ಟೆ ಹೆಚ್ಚಿಸಲು ಲಿಸ್ಟ್ ವ್ಯೂನಲ್ಲಿ ನೇರವಾದ ದಾರಿಯಿಲ್ಲ. ನಮ್ಮ ಹುಡುಗ ಪ್ರತಿ ಸಾಲಿಗೂ ಏನೂ ಕಾಣದ ಖಾಲಿ ಚಿತ್ರವೊಂದನ್ನು ಅಂಟಿಸಿದ. ಚಿತ್ರದ ಎತ್ತರಕ್ಕೆ ಸಾಲು ತಾನಾಗಿ ಎದ್ದು ನಿಂತಿತು. ಇದು ಈ ಕಸಬಿನವರಲ್ಲಿ ಹಳೆಯ ಉಪಾಯವಂತೆ. ಗೋಡೆಯ ಮೊಳೆ ಕಾಣದಿರಲೆಂದು ಕ್ಯಾಲೆಂಡರು ತೂಗುಹಾಕುವುದು ನೆನಪಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಪ್ರೋಗ್ರಾಂ ತೆರೆದ ಮರುಕ್ಷಣ ಪಟ್ಟಿ ಬರುತ್ತಿತ್ತು. ಆದರೆ ಕೆಳಕ್ಕೆ ಸರಿಸಿದಾಗ ತಡವರಿಸುತ್ತಿತ್ತು. ಕಾರಣ ಸರಳ: ಪ್ರತಿ ಸಾಲನ್ನು ಕೇಳಿದಾಗಲೂ ಡೇಟಾಬೇಸಿಗೆ ಓಡಿ ಅದೊಂದನ್ನೇ ತರುತ್ತಿದ್ದ. ಒಂದು ಸೀರೆಗೆ ಒಂದು ಸಲ ಉಪ್ಪರಿಗೆ ಹತ್ತಿ ಇಳಿದಂತೆ. ಸಾಧನವು ಅದೇ ಸಾಲನ್ನು ಎರಡು ಮೂರು ಸಲ ಕೇಳುವುದೂ ಉಂಟು, ಅದಕ್ಕೆ ನೆನಪಿಲ್ಲವಷ್ಟೆ. ‘ಇನ್ನು 400ರಿಂದ 440ರವರೆಗೆ ಬೇಕಾದೀತು’ ಎಂದು ಅದು ಮುಂದಾಗಿ ಸೂಚನೆ ಕೊಡುತ್ತದೆ; ಆಗ ಅಷ್ಟನ್ನೂ ಒಂದೇ ಸಲ ತಂದು ಕೈಯಳತೆಯಲ್ಲಿ ಇಟ್ಟುಕೊಂಡರೆ ತಡವರಿಕೆ ಇರದು. ನಮ್ಮಲ್ಲಿ ಪದಗಳೆಲ್ಲ ಸೇರಿ 12 ಲಕ್ಷ ಬೈಟ್ ತಾನೆ? ಅವನ್ನು ಪೂರ್ತಿಯಾಗಿ ನೆನಪಿನಲ್ಲಿಟ್ಟು, ಉದ್ದುದ್ದವಾದ ಅರ್ಥವಿವರಣೆಗಳನ್ನು ಮಾತ್ರ ಬೇಕಾದಾಗ ತರುವಂತೆ ಮಾಡಿದ.

ಮೇಷ್ಟ್ರನ್ನು ಕರೆದು ಕೂಡಿಸಿದೆವು. ಅವರು ಕನ್ನಡಕ ಏರಿಸಿ ಎರಡು ನಿಮಿಷ ನೋಡಿದರು. ವೇಗಕ್ಕೆ ಬೆರಗಾಗುತ್ತಾರೆಂದು ನಾವು ಕಾದಿದ್ದೆವು.

“ಅಳಿಲು ಅವಲಕ್ಕಿಗಿಂತ ಮುಂಚೆ ಬಂದಿದೆಯಲ್ಲ?” ಎಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಕನ್ನಡದ ಎಂ.ಎ.; ಬೆಳಗಿನಿಂದ ಪರದೆಯ ಮುಂದೆ ಕುಳಿತು ಅದನ್ನು ಕಂಡಿರಲಿಲ್ಲ! ನಮ್ಮ ವರ್ಣಮಾಲೆಯಲ್ಲಿ ಲಕಾರದ ಮುಂದೆ ವ, ಶ, ಷ, ಸ, ಹ ಮುಗಿದು ಕಟ್ಟಕಡೆಗೆ ಳಕಾರ. ಅವಲಕ್ಕಿ ಮೊದಲು, ಅಳಿಲು ಎಷ್ಟೋ ದೂರ. ಆದರೆ ಗಣಕಯಂತ್ರಕ್ಕೆ ಗೊತ್ತಿರುವುದು ಅಕ್ಷರದ ಸಂಖ್ಯೆ. ಯೂನಿಕೋಡಿನಲ್ಲಿ ಲ 3250, ಳ 3251, ವ 3253, ಹ 3257. ಭಾರತದ ಲಿಪಿಗಳಿಗೆಲ್ಲ ಸಮಾನವಾಗಿರಲೆಂದು ಇಸ್ಕಿ ಎಂಬ ಹಿಂದಿನ ಸಂಕೇತಪದ್ಧತಿಯಲ್ಲಿ ಹಾಕಿದ್ದ ಪಂಕ್ತಿಯನ್ನೇ ಯೂನಿಕೋಡ್ ಅನುಸರಿಸಿತು. ಆ ಪಂಕ್ತಿಯಲ್ಲಿ ಳಕಾರವು ಲಕಾರದ ಪಕ್ಕದ ಎಲೆಗೆ ಕುಳಿತಿದೆ. ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಕನ್ನಡದ ಕ್ರಮ ಬಾರದು.

ವರ್ಚುವಲ್ ಮೋಡಿನಲ್ಲಿ ಪಟ್ಟಿಯನ್ನು ಜೋಡಿಸಿ ಕೊಡುವ ಕೆಲಸ ಸಾಧನದ್ದಲ್ಲ, ಬರೆಯುವವನದು. ಸರಕು ಅದರ ಬಳಿ ಇಲ್ಲವೆಂದ ಮೇಲೆ ಅದು ಜೋಡಿಸುವುದಾದರೂ ಏನನ್ನು? ನಮ್ಮ ಹುಡುಗ ಅಕ್ಷರಗಳಿಗೆ ಕನ್ನಡದ ಸರದಿಯನ್ನು ಬರೆದು, ಪದಗಳನ್ನು ಕದಲಿಸದೆ, ‘ಮೊದಲನೆಯ ಸ್ಥಾನದಲ್ಲಿ ಇಷ್ಟನೆಯ ಪದ, ಎರಡನೆಯದರಲ್ಲಿ ಇಷ್ಟನೆಯದು’ ಎಂಬ ಸಂಖ್ಯೆಗಳ ಪಟ್ಟಿಯೊಂದನ್ನು ಮಾತ್ರ ತಯಾರಿಸಿದ. ನಿಘಂಟಿನ ಸರದಿ ಬೇಕೆಂದರೆ ಒಂದು ಸಂಖ್ಯಾಪಟ್ಟಿ, ಊರುಗಳ ಸರದಿ ಬೇಕೆಂದರೆ ಇನ್ನೊಂದು. ಳಕಾರ ತನ್ನ ಮನೆ ಸೇರಿತು.

ಹುಡುಕುವುದೂ ಹಾಗೆಯೇ ನಮ್ಮ ಪಾಲಿಗೆ ಬಂದ ಕೆಲಸ. 60,000 ಪದಗಳಿರುವಾಗ ಸ್ಕ್ರೋಲ್ ಬಾರನ್ನು ನಂಬಿ ಫಲವಿಲ್ಲ. ಏಳುನೂರು ಚುಕ್ಕೆಗಳ ದಾರಿಯಲ್ಲಿ ಒಂದು ಚುಕ್ಕೆಯಷ್ಟು ಕೈ ಜರುಗಿದರೆ ಎಂಬತ್ತಕ್ಕೂ ಮಿಕ್ಕಿ ಪದಗಳು, ಹೆಚ್ಚುಕಡಿಮೆ ಮೂರು ಪರದೆ, ಹಾರಿಹೋಗುತ್ತವೆ. ಮೇಷ್ಟ್ರ ಕೈ ಕೊಂಚ ನಡುಗುತ್ತದೆ ಬೇರೆ. ಆದ್ದರಿಂದ ಮೊದಲ ಎರಡು ಅಕ್ಷರಗಳನ್ನು ಒತ್ತಿದರೆ ಅಲ್ಲಿಗೆ ಹೋಗಿ ನಿಲ್ಲಬೇಕು. ನಿಘಂಟನ್ನು ನಡುವೆ ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದ ಅರ್ಧವನ್ನು ಮತ್ತೆ ನಡುವೆ ತೆರೆಯುವ ಕ್ರಮ ಎಲ್ಲರಿಗೂ ಗೊತ್ತಿದೆಯಷ್ಟೆ. ಎರಡನ್ನು ಹದಿನಾರು ಸಲ ಗುಣಿಸಿದರೆ 65,536. ಹೀಗಾಗಿ ನಮ್ಮ ಪಟ್ಟಿಯಲ್ಲಿ ಹದಿನಾರು ಸಲ ತೆರೆಯುವಷ್ಟರಲ್ಲಿ ಯಾವ ಪದವಾದರೂ ಸಿಕ್ಕಲೇಬೇಕು. ಸರದಿ ತಪ್ಪಿದ್ದರೆ ಮಾತ್ರ ಸಿಕ್ಕದು. ಅಳಿಲನ್ನು ಸರಿಯಾದ ಮನೆಗೆ ಕಳುಹಿಸಿದ್ದು ಇದಕ್ಕೂ ಒದಗಿತು.

ಸಂಜೆಯ ರೈಲಿಗೆ ಹಿಂತಿರುಗುವಾಗ ಹುಡುಗನಿಗೆ ನನ್ನ ಸಂದೇಹವೊಂದನ್ನು ಹೇಳಿದೆ. ಯಾರೂ ಸಾವಿರಾರು ಸಾಲುಗಳನ್ನು ಓದುವುದಿಲ್ಲ. ಹುಡುಕುವ ಪೆಟ್ಟಿಗೆಯೊಂದನ್ನು ಕೊಟ್ಟು, ಸಿಕ್ಕಿದ ಹತ್ತಿಪ್ಪತ್ತನ್ನು ತೋರಿಸಿದರೆ ಸಾಲದೆ? ಅವನ ಕಸಬಿನವರಲ್ಲಿಯೂ ಅನೇಕರು ಹೀಗೆ ವಾದಿಸುತ್ತಾರಂತೆ. ಅಂಗಡಿಯ ಬಿಲ್ಲುಗಳಿಗೆ, ಬ್ಯಾಂಕಿನ ಖಾತೆಗಳಿಗೆ ಅದು ಒಪ್ಪತಕ್ಕ ಮಾತು. ಗುಮಾಸ್ತನಿಗೆ ಬೇಕಾದುದು ಒಂದು ಖಾತೆ. ಅದರ ನೆರೆಹೊರೆ ಅವನಿಗೇಕೆ? ಆದರೆ ನಿಘಂಟುಕಾರನು ನೆರೆಹೊರೆಯಲ್ಲಿಯೇ ಬದುಕುವವನು. ಒಂದು ಪದದ ಮೇಲೂ ಕೆಳಗೂ ಏನಿದೆಯೆಂದು ಕಂಡಾಗಲೇ ಎರಡು ಊರಿನ ಒಂದೇ ಪದ ಬೇರೆ ಬೇರೆ ಕಾಗುಣಿತದಲ್ಲಿ ಕುಳಿತಿರುವುದು ಅವನಿಗೆ ಗೊತ್ತಾಗುವುದು. ಏನನ್ನು ಹುಡುಕಬೇಕೆಂದು ಮೊದಲೇ ತಿಳಿದವನಿಗೆ ಪೆಟ್ಟಿಗೆ ಸಾಕು. ಮೇಷ್ಟ್ರಿಗೆ ಇಡೀ ಬೀದಿಯೇ ಬೇಕು, ಒಂದು ಸಲಕ್ಕೆ ಮೂವತ್ತು ಮನೆಯಂತೆ ಕಂಡರೂ ಸರಿಯೆ.

ಕಥೆ ಇಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಮೂರು ವಾರಗಳ ತರುವಾಯ ಮತ್ತೆ ದೂರವಾಣಿ. ಈ ಸಲ ಧ್ವನಿ ಕುಗ್ಗಿತ್ತು.

“ನೊಗ ಹೋಯಿತಪ್ಪ.”

ಆದದ್ದು ಇಷ್ಟು. ‘ನೊಗ’ದ ಕೆಳಗೆ ಯಾರೋ ಕೈತಪ್ಪಿ ಒತ್ತಿದ ‘ನೊಗಾ’ ಎಂಬ ಸಾಲಿತ್ತು. ಅದನ್ನು ಅಳಿಸಬೇಕೆಂದು ಮೇಷ್ಟ್ರು ಆರಿಸಿದರು, ಸಾಲು ನೀಲಿಯಾಯಿತು. ಅಷ್ಟರಲ್ಲಿ ಕಕಾರದ ಹೊಸ ಪದವೊಂದು ನೆನಪಿಗೆ ಬರಲು, ಮರೆತೀತೆಂದು ಪಕ್ಕದ ಮನೆಯಲ್ಲಿ ಅದನ್ನು ಬರೆದು ಸೇರಿಸಿ, ಮರಳಿ ಬಂದು ನೀಲಿಯ ಸಾಲನ್ನು ಅಳಿಸಿದರು. ‘ಅಳಿಸಲೆ?’ ಎಂದು ಪ್ರೋಗ್ರಾಂ ಕೇಳಿತು, ಹೌದೆಂದರು. ಹೋದದ್ದು ‘ನೊಗಾ’ ಅಲ್ಲ, ‘ನೊಗ’. ಏಳು ಊರಿನ ವಾಕ್ಯಗಳಿದ್ದ, ನೊಗದ ಭಾಗಗಳ ಹೆಸರುಗಳೆಲ್ಲ ಇದ್ದ ಸಾಲು. ದೀರ್ಘದ ಒಂದು ಗುರುತು ಮೇಷ್ಟ್ರ ಕಣ್ಣಿಗೆ ಗೊತ್ತಾಗಲಿಲ್ಲ.

ಹುಡುಗನಿಗೆ ಹೇಳಿದ ಕೂಡಲೆ ಅವನಿಗೆ ಹೊಳೆಯಿತು; ಮುಖ ಸಣ್ಣದಾಯಿತು. ಸರಕು ತನ್ನಲ್ಲಿಲ್ಲದ ಸಾಧನವು ಆರಿಸಿದ ಪದವನ್ನು ಹೇಗೆ ತಾನೆ ನೆನಪಿಡಬಲ್ಲದು? ಅದು ನೆನಪಿಡುವುದು ಸಾಲಿನ ಸಂಖ್ಯೆಯನ್ನು. ಮೇಲೆ ಹೊಸ ಪದವೊಂದು ಸೇರಿದಾಗ ಪದಗಳೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದವು. ನೀಲಿಯ ಪಟ್ಟಿ ಮಾತ್ರ ತನ್ನ ಸಂಖ್ಯೆಯನ್ನು ಬಿಡದೆ ಅಲ್ಲಿಯೇ ನಿಂತಿತು. ಅದರ ಕೆಳಗೆ ಈಗ ಇದ್ದದ್ದು ಮೇಲಿನ ಮನೆಯ ‘ನೊಗ’. ವೇಗಕ್ಕಾಗಿ ಸಾಧನದ ಹೊರೆಯನ್ನು ಇಳಿಸಿದವನು ಆ ಹೊರೆಯೊಡನೆ ಇಳಿದುಹೋದ ಜ್ಞಾಪಕವನ್ನು ತಾನೇ ಹೊರಬೇಕಾಗಿತ್ತು. ಈ ಮಾತು ಅದರ ಕೈಪಿಡಿಯಲ್ಲಿ ಗುಟ್ಟಾಗಿಯೇನೂ ಇಲ್ಲ, ಅವಸರದಲ್ಲಿ ಬಿಟ್ಟುಹೋಗಿತ್ತು.

ಪ್ರತಿ ರಾತ್ರಿ ಒಂದು ನಕಲನ್ನು ತೆಗೆದಿಡುವ ಏರ್ಪಾಡನ್ನು ಅವನು ಮೊದಲ ದಿನವೇ ಮಾಡಿದ್ದನಾಗಿ ‘ನೊಗ’ ಹಿಂದಿರುಗಿತು. ಈಗ ಪ್ರತಿ ಪದಕ್ಕೂ ಎಂದೂ ಬದಲಾಗದ ಒಂದು ಅಂಕಿಯಿದೆ. ಪಟ್ಟಿಯಲ್ಲಿ ಏನಾದರೂ ಸೇರಿದರೆ, ಕಳೆದರೆ, ಸರದಿ ಬದಲಾದರೆ, ಆರಿಸಿದ ಪದದ ಅಂಕಿಯನ್ನು ಮೊದಲು ಬರೆದಿಟ್ಟುಕೊಂಡು, ಆಮೇಲೆ ಆ ಪದ ಹೊಸದಾಗಿ ಎಲ್ಲಿ ಕುಳಿತಿದೆಯೆಂದು ಹುಡುಕಿ ನೀಲಿಯ ಪಟ್ಟಿಯನ್ನು ಅಲ್ಲಿಗೆ ಸಾಗಿಸುತ್ತದೆ. ಅಳಿಸುವ ಮುನ್ನ ‘ಅಳಿಸಲೆ?’ ಎಂದಷ್ಟೆ ಕೇಳದೆ ಪದವನ್ನು ದಪ್ಪಕ್ಷರದಲ್ಲಿ ತೋರಿಸಿ, ಜೊತೆಯಲ್ಲಿ ಎಷ್ಟು ವಾಕ್ಯಗಳು ಹೋಗುತ್ತವೆಂಬುದನ್ನೂ ತಿಳಿಸುತ್ತದೆ. ಈ ಕಡೆಯ ಸಲಹೆ ನನ್ನದು. ಇಷ್ಟು ಪ್ರಕರಣದಲ್ಲಿ ನನ್ನಿಂದ ಆದ ಕೆಲಸ ಇದೊಂದೇ.

ಮೊನ್ನೆ ಹೋದಾಗ ಮೇಷ್ಟ್ರು ಮಕಾರದಲ್ಲಿದ್ದರು. ‘ಮಿಣಿ’ಗೆ ಪಾವಗಡದ ಕಡೆಯ ಒಂದು ವಾಕ್ಯ ಸಿಕ್ಕಿದೆಯೆಂದು ತೋರಿಸಿದರು; ಪರದೆಯ ಮೇಲೆ ಅಲ್ಲಿಗೆ ಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಬಿಸ್ಕತ್ತಿನ ಡಬ್ಬಿಗಳು ಮಾತ್ರ ಮಂಚದ ಕೆಳಗೆ ಹಾಗೆಯೇ ಇವೆ. ಅವನ್ನು ಅಟ್ಟಕ್ಕೆ ಸಾಗಿಸಲು ಅಮ್ಮನವರಿಗೆ ಇನ್ನೂ ಅಪ್ಪಣೆ ಸಿಕ್ಕಿಲ್ಲ.